ಹತ್ತನೆಯ ಸಹಿ

ನಿಜಾಮರ ಕಾಲ. ತಾಂಡೂರಿನಲ್ಲಿ ಉರ್ದು ಕಲಿತು ಹೈದರಾಬಾದಿನ ಕಾಲೇಜು ಸೇರಿದ ನನಗೆ ಒಂದು ವಿಷಯದಲ್ಲಿ ಮಾತ್ರ ಸಂಶಯವೇ ಇರಲಿಲ್ಲ. ನಾನು ಉರ್ದು ಸಾಹಿತ್ಯ ಸಂಘದ ಸದಸ್ಯನಾಗತಕ್ಕವನು! ಬಶೀರಾಬಾದಿನ ಸುತ್ತ ಕುರಿ ಕಾಯುವವರ ಮನೆಯಿಂದ ಕಾಲೇಜಿಗೆ ಹೋದವನು ನಾನೊಬ್ಬನೇ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ನಂಬಿದ್ದೆ.

ಆ ಸಂಘದವರು ಕರಿ ಶೇರ್ವಾನಿ ಹಾಕುತ್ತಿದ್ದರು. ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದರು. ಜೊತೆಗೆ ಬಿಸ್ಕೀಟು! ಸಾಹಿತ್ಯದ ಮೇಲೆ ನನಗೆ ಪ್ರೀತಿ ಹುಟ್ಟಲು ಇಷ್ಟು ಸಾಕಾಯಿತು.

ಕಾಲೇಜು ಸೇರಿ ಎರಡು ತಿಂಗಳಾದ ಮೇಲೆ ನನ್ನ ಕೋಣೆಯ ಗೆಳೆಯ, ನಾರಾಯಣಖೇಡದ ಶರಣಪ್ಪ, ಒಂದು ಹಾಳೆ ಹಿಡಿದುಕೊಂಡು ಬಂದ.

"ಮಾಳ್ಯಾ, ಕನ್ನಡ ಸಂಘ ಮಾಡಾಕ ಹತ್ತೇವಿ. ಹತ್ತು ಸಹಿ ಆದ್ರ ಪ್ರಿನ್ಸಿಪಾಲರು ಒಂದು ಖೋಲಿ ಕೊಡ್ತಾರ. ಒಂಬತ್ತು ಆಗ್ಯಾವ. ನೀ ಒಬ್ಬ ಮಾಡಿಬಿಡು."

ಒಬ್ಬನಿಗೆ ಒಂದೇ ಸಂಘ ಎಂಬುದು ಕಾಲೇಜಿನ ಕಾನೂನು. ಇಲ್ಲಿ ಸಹಿ ಮಾಡಿದರೆ ಅಲ್ಲಿಯ ಬಿಸ್ಕೀಟಿನ ಗತಿ?

"ಮಾಡ್ತಿದ್ನೋ ಶರಣ್ಯಾ," ಎಂದೆ ಮುಖ ಸಣ್ಣದು ಮಾಡಿ. "ಆದ್ರ ನಮ್ಮಪ್ಪ ಯಾವ ಸಂಘಕ್ಕೂ ಸೇರಬ್ಯಾಡ ಅಂತ ಆಣಿ ಹಾಕ್ಯಾನ."

"ಅಪ್ಪ ಅಂದ ಮ್ಯಾಲ ಆತು ಬಿಡು," ಎಂದ ಆ ಪುಣ್ಯಾತ್ಮ. "ಗುರುವಾರ ಸಂಜಿತನ ಟೈಮ್ ಅದ. ಇನ್ಯಾರನ್ನರ ನೋಡ್ತೀನಿ."

ಗುರುವಾರ ಸಂಜೆಯೇ ಉರ್ದು ಸಂಘದ ಸಭೆ. ಎರವಲು ಶೇರ್ವಾನಿ ಏರಿಸಿ ಹೊರಟೆ. ಅದರ ಒಡೆಯ ನನಗಿಂತ ಗೇಣು ಕುಳ್ಳ, ಮೇಲಾಗಿ ಸಣಕಲ. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರು ಬಿಟ್ಟರೆ ಗುಂಡಿಯಿಲ್ಲ! ಕೊನೆಗೆ ಗುಂಡಿಯನ್ನೇ ಆರಿಸಿಕೊಂಡೆ.

ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅಧ್ಯಕ್ಷರು ಎದ್ದು ಬಂದರು. ಎದೆಯ ಮೇಲೆ ಕೈಯಿಟ್ಟು ಬಹಳ ನಯವಾಗಿ ಕೇಳಿದರು.

"ಜನಾಬ್, ಆಪ್ ಕೀ ತಾರೀಫ್?"

ಹೈದರಾಬಾದಿನ ನಾಜೂಕು ಉರ್ದುವಿನಲ್ಲಿ ಇದಕ್ಕೆ 'ತಾವು ಯಾರು?' ಎಂದಷ್ಟೇ ಅರ್ಥ. ಇದು ನನಗೆ ತಿಳಿದದ್ದು ಮರುದಿನ. ನಮ್ಮ ಕಡೆ ತಾರೀಫ್ ಎಂದರೆ ಹೊಗಳಿಕೆ! ಸದಸ್ಯನಾಗುವವನು ತನ್ನನ್ನು ತಾನೇ ಹೊಗಳಿಕೊಳ್ಳಬೇಕೆಂಬುದು ಇಲ್ಲಿಯ ಪದ್ಧತಿ ಇರಬಹುದು ಎಂದುಕೊಂಡೆ. ಮೊದಲು ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ಲೆಕ್ಕದಲ್ಲಿ ತಾಂಡೂರಿಗೇ ನಾನು ಮೊದಲಿಗ ಎಂದೆ. ಓಡುವ ಟಗರನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ ಎಂದೆ. ನಾನು ಉಣ್ಣೆ ಕತ್ತರಿಸಲು ಕುಳಿತರೆ ಕುರಿಗಳು ತಾವಾಗಿಯೇ ಸಾಲು ನಿಲ್ಲುತ್ತವೆ ಎಂದೆ.

"ವಾಹ್! ವಾಹ್!" ಎಂದರು ಎಲ್ಲರೂ. ಒಬ್ಬನೂ ನಗಲಿಲ್ಲ. ಅದೆಂಥ ಶಿಸ್ತಿನ ಸಂಘ! ಒಬ್ಬ ಮಾತ್ರ ಕರವಸ್ತ್ರ ಬಾಯಿಗೊತ್ತಿಕೊಂಡು ಹೊರಗೆ ಓಡಿದ. ಪಾಪ, ಕೆಮ್ಮು ಎಂದುಕೊಂಡೆ.

"ಸಂಘ ಸೇರಲು ತಮ್ಮ ತಂದೆಯವರ ಒಪ್ಪಿಗೆ ಇದೆಯೆ?" ಎಂದು ಅಧ್ಯಕ್ಷರು ಕೇಳಿದರು.

ನಾನಾಗ ಮೋಡದ ಮೇಲಿದ್ದೆ. ಅಪ್ಪನಿಗೆ ಸಂಘ ಎಂದರೇನೆಂದೇ ಗೊತ್ತಿಲ್ಲ, ಅವನು ಎಂದೂ ಯಾವುದನ್ನೂ ಬೇಡ ಎಂದವನಲ್ಲ, ಮನೆಯಲ್ಲಿ ನಡೆಯುವುದು ನನ್ನದೇ ಮಾತು ಎಂದು ಎದೆ ಉಬ್ಬಿಸಿದೆ. ಫಟ್! ಶೇರ್ವಾನಿಯ ಗುಂಡಿ ಹಾರಿ ಬಾಗಿಲ ಕಡೆ ಉರುಳಿತು. ಅಲ್ಲಿದ್ದವನೊಬ್ಬ ಬಗ್ಗಿ ಅದನ್ನು ಎತ್ತಿಕೊಂಡ.

ಶರಣಪ್ಪ.

ಕೈಯಲ್ಲಿ ಅದೇ ಹಾಳೆ. ಹತ್ತನೆಯವನು ಎಲ್ಲೂ ಸಿಗದೆ, ನನ್ನ ಅಪ್ಪನಿಗೆ ತಾನೇ ಕಾಗದ ಬರೆದು ಒಪ್ಪಿಸುತ್ತೇನೆ ಎಂದು ಹೇಳಲು ನನ್ನನ್ನು ಹುಡುಕಿಕೊಂಡು ಬಂದಿದ್ದನಂತೆ. ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟ.

"ಆತು ಬಿಡ್ರಿ, ಮಾಳಪ್ಪನವರ," ಎಂದ.

ಎರಡು ತಿಂಗಳು ಒಂದೇ ಗಂಟಿನ ಜೋಳದ ರೊಟ್ಟಿ ತಿಂದವನು ನನಗೆ 'ರೀ' ಎಂದಿದ್ದ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವರ್ಷ ಕನ್ನಡ ಸಂಘಕ್ಕೆ ಖೋಲಿ ಸಿಗಲಿಲ್ಲ. ಆ ಕೋಣೆಯಲ್ಲಿ ಕಾಲೇಜಿನವರು ಮುರಿದ ಬೆಂಚು ತುಂಬಿದರು. ಒಂಬತ್ತು ಹುಡುಗರು ಬೇವಿನ ಮರದ ಕೆಳಗೆ ಕುಳಿತು, ಅಂಚೆಯಲ್ಲಿ ಬರುತ್ತಿದ್ದ ಒಂದೇ ಪತ್ರಿಕೆಯನ್ನು ಸರದಿಯ ಮೇಲೆ ಓದಿದರು. ಉರ್ದು ಸಂಘದವರು, ಈ ವರ್ಷ ಜಾಗ ತುಂಬಿದೆ ಎಂದು ನನಗೆ ಅತ್ಯಂತ ಗೌರವದಿಂದ ತಿಳಿಸಿದರು. ಬಿಸ್ಕೀಟು ಮುಟ್ಟುವ ಯೋಗವೂ ಬರಲಿಲ್ಲ. ನಾನು ಬೇವಿನ ಮರ ತಪ್ಪಿಸಿ, ಅಡುಗೆಮನೆಯ ಹಿಂದಿನಿಂದ ಸುತ್ತು ಹಾಕಿ ಕ್ಲಾಸಿಗೆ ಹೋಗುತ್ತಿದ್ದೆ.

ಮರುವರ್ಷ ಶರಣಪ್ಪ ಮತ್ತೆ ಒಂಬತ್ತು ಸಹಿಯ ಹಾಳೆ ಹಿಡಿದಾಗ ನಾನೇ ಹೋಗಿ ನಿಂತೆ. "ತಪ್ಪಾತು ಶರಣಪ್ಪ. ಸಹಿ ಮಾಡ್ತೀನಿ."

ಅವನು ಹಾಳೆಯನ್ನು ನನ್ನ ಮುಂದೆ ಹಿಡಿದ. "ಕನ್ನಡದಾಗ ಮಾಡ್ಬೇಕು. ಬರ್ತದೇನು?"

ಮಾತಾಡುವುದು ಕನ್ನಡ, ಕನಸು ಬೀಳುವುದು ಕನ್ನಡ. ಬರೆದದ್ದು ಮಾತ್ರ ಉರ್ದು! ಮೂರು ದಿನ ಕದ್ದು ಅಕ್ಷರ ತಿದ್ದಿ ಬಂದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಮಾ ಬರೆದೆ, ಳ ಬರೆದೆ, ಪ್ಪ ಬರೆದೆ. ಒಂದೂ ತಪ್ಪಿಲ್ಲ! ಹೆಮ್ಮೆಯಿಂದ ತಲೆಯೆತ್ತಿದೆ.

"ಮಾಳ್ಯಾ," ಎಂದ ಶರಣಪ್ಪ. ವರ್ಷದ ಮೇಲೆ ಮೊದಲ ಸಲ ಹಾಗೆಂದ. "ಉರ್ದು ಬರ್ದಂಗ ಬಲದಿಂದ ಎಡಕ್ಕ ಬರ್ದೀಯಲ್ಲೋ!"

ತಿದ್ದಲು ಎರಡನೆಯ ಹಾಳೆ ಇರಲಿಲ್ಲ. ಕಚೇರಿಯಲ್ಲಿ ಕನ್ನಡ ಓದುವವರೂ ಇರಲಿಲ್ಲವಾದ್ದರಿಂದ ಅರ್ಜಿ ಪಾಸಾಯಿತು, ಖೋಲಿ ಸಿಕ್ಕಿತು. ಆ ಅರ್ಜಿ ಇಂದಿಗೂ ಎಲ್ಲಾದರೂ ಉಳಿದಿದ್ದರೆ, ಹುಡುಕುವವರು ಮಾಳಪ್ಪನನ್ನು ಹುಡುಕಬೇಡಿ. ಹತ್ತನೆಯ ಸದಸ್ಯನ ಹೆಸರು 'ಪ್ಪಳಮಾ'!