ಸೂಜಿ ಹಾಕಿದ ಗೌರಿಯ ಪಂಚಗವ್ಯ

ಗಂಡನ ಮಾತಿಗೆ ಹೂಂ ಅನ್ನುತ್ತ ಅರ್ಧವಷ್ಟೇ ಕೇಳಿಸಿಕೊಳ್ಳುವುದು ನನಗೆ ಚೆನ್ನಾಗಿ ಒಲಿದಿದ್ದ ವಿದ್ಯೆ. ನನ್ನವರು ಹಾನಗಲ್ಲಿನಲ್ಲಿ ದನದ ಡಾಕ್ಟರು. ಆ ದಿನ ಬೆಳಿಗ್ಗೆ ನಮ್ಮ ಆಕಳು ಗೌರಿಯ ಕೆಚ್ಚಲು ಬಾತಿತ್ತೆಂದು ಸೂಜಿ ಹಾಕಿ, ಕೈ ತೊಳೆದು ಅವಲಕ್ಕಿಗೆ ಕೂತರು. ಹಾಲು ಚೆಲ್ಲಬೇಕೆಂದಾಗ ನಾನು ಮುಖ ಸಣ್ಣ ಮಾಡಿದೆ.

"ಔಷಧ ರಕ್ತದಾಗ ಸೇರಿ ಲಿವರಿಗೆ ಹೋಗಿ ಒಡೀತದ. ಆಮ್ಯಾಲೆ ಕಿಡ್ನಿ ಹಾದು ಮೂತ್ರದಾಗ ಹೋಗ್ತದ, ಒಂದಿಷ್ಟು ಸಗಣ್ಯಾಗ, ಒಂದಿಷ್ಟು ಹಾಲಿನ್ಯಾಗ. ಎಲ್ಲಾ ಹೊರಗ ಹೋಗೂತನಕ ತಡಿ," ಎಂದರು.

"ನಿಮ್ಮ ಪಾಠ ಆಗಿದ್ರ ತಿನ್ರಿ, ಆರ್ತದ," ಎಂದೆ. ನಕ್ಕು, ತಿಂದು, ತಿಳವಳ್ಳಿ ಬಸ್ಸು ಹತ್ತಿದರು. ಅಲ್ಲಿ ಎಮ್ಮೆಯೊಂದನ್ನು ಈಯಿಸಿ ಕೈ ತೊಳೆಯಲು ಬಾಗಿದವರು ಮತ್ತೆ ಏಳಲಿಲ್ಲ.

ಸೂತಕ ಕಳೆಯುವ ಹನ್ನೊಂದನೆಯ ದಿನ ಶುದ್ಧಿಗೆ ಪಂಚಗವ್ಯ ಬೇಕಾಯಿತು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ ಐದೂ ಕೂಡಬೇಕು. "ಮನ್ಯಾಗ ಆಕಳಿರೂವಾಗ ಹೊರಗಿಂದ್ಯಾಕ?" ಎಂದರು ಪೂಜೆಗೆ ಬಂದ ಆಚಾರ್ಯರು.

"ಗೌರೀದು ನಡಿಯೂದಿಲ್ರಿ. ಸೂಜಿ ಆಗೇದ," ಎಂದೆ ಒಳಗಿನಿಂದ.

"ಹಾಲು ಬ್ಯಾಡಂದ್ರ ಬಿಡೂಣು ತಂಗಿ. ಮೂತ್ರಕ್ಕ ಏನಾತು?"

ಹಿರಿಯರ ಮುಂದೆ ಎಂದೂ ಬಾಯಿ ಬಿಡದವಳು ಲಿವರಿನಿಂದ ಸುರುಮಾಡಿದೆ. ಕಿಡ್ನಿ ದಾಟಿ ಸಗಣಿ ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿದ್ದ ಆಚಾರ್ಯರು ಬೆರಳು ಮಡಚಿ ನೋಡಿ, "ಹಂಗಾದ್ರ ಐದರಾಗ ಏನ್ ಉಳೀತು?" ಎಂದರು.

"ತುಪ್ಪ ಸೂಜಿಗಿಂತ ಮೊದಲಿಂದದರಿ. ಅದು ನಡೀತದ."

ಮಗ ಹೋದಾಗಿನಿಂದ ಮಾತೇ ಆಡದಿದ್ದ ಅತ್ತೆ ಮೂಲೆಯಿಂದ ಹೇಳಿದರು: "ಅವಾ ಹೇಳಿದ್ದಂದ್ರ ಖರೇನ ಇರ್ತದ. ಬ್ಯಾರೆ ಆಕಳ ನೋಡ್ರಿ."

ಮೈದುನ ಚೊಂಬು ಹಿಡಿದು ಹೊರಟ. ಆದರೆ ಆ ಓಣಿಯಲ್ಲಿ ಅಣ್ಣನ ಸೂಜಿ ತಾಗದ ಆಕಳೆಲ್ಲಿ? "ನಮ್ಮದಕ್ಕೂ ಸಾಹೇಬ್ರ ಹಾಕ್ಯಾರಪಾ," ಎಂದು ಮನೆಮನೆಯಲ್ಲೂ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ಯಾವಾಗ ಹಾಕಿದ್ದು ಎಂದು ಇವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊನೆಗೆ ಊರಾಚೆಯ ಮನೆಯವರೊಬ್ಬರು, "ನಮ್ಮ ಆಕಳಿಗೆ ಜಡ್ಡ ಬಂದಿಲ್ರಿ, ಸಾಹೇಬ್ರನ್ನ ಕರ್ಯಾಕ ಆಗಲಿಲ್ಲ," ಎಂದು ತಪ್ಪು ಮಾಡಿದವರಂತೆ ಚೊಂಬಿಗೆ ಗೋಮೂತ್ರ ತುಂಬಿಸಿ, ಹಾಲು, ಮೊಸರು, ಸಗಣಿಯನ್ನೂ ಕೊಟ್ಟರು. ನನ್ನವರ ಮಾತು ಉಳಿಸಿದೆನೆಂಬ ಸಮಾಧಾನದಲ್ಲಿ ನಾನು ಆ ಪಂಚಗವ್ಯ ಕುಡಿದೆ.

ಕೆಲವು ತಿಂಗಳಾದ ಮೇಲೆ ಶಿಗ್ಗಾಂವಿಯಿಂದ ಬಂದ ಹೊಸ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ಗೌರಿಯ ಬೆನ್ನು ಸವರುತ್ತ ಹೇಳಿದರು: "ಅಕ್ಕಾರ, ಆ ಔಷಧ ನಾಕೈದು ದಿನದಾಗ ಹೋಗಿರ್ತದರಿ. ಶುದ್ಧಿ ಹೊತ್ತಿಗೆ ನಿಮ್ಮ ಗೌರಿ ಚೊಕ್ಕ ಇದ್ಲು."

ಔಷಧ ಹೇಗೆ ಹೋಗುತ್ತದೆಂದು ಆಚಾರ್ಯರಿಗೇ ಪಾಠ ಮಾಡಿದವಳಿಗೆ, ಯಾವಾಗ ಹೋಗುತ್ತದೆಂದು ಕೇಳಬೇಕೆಂಬುದೇ ಹೊಳೆದಿರಲಿಲ್ಲ. ಅತ್ತೆಗೆ ಇದನ್ನು ಹೇಳಿಲ್ಲ. ಬಂದವರ ಮುಂದೆಲ್ಲ ಅವರು, "ಮಗನ ವಿದ್ಯಾ ಸೊಸಿಗೆ ಬಂದದ," ಎನ್ನುತ್ತಾರೆ. ಬಂದದ್ದು ಅರ್ಧ. ಈಗ ನನಗೆ ದಿನಕ್ಕೊಂದು ಪ್ರಶ್ನೆ ಏಳುತ್ತದೆ: ಎಮ್ಮೆಗೂ ಅಷ್ಟೇ ದಿನವೇ, ಕರುವಿಗೆ ಎಷ್ಟು, ಮುದಿ ಎತ್ತಿಗೆ ಎಷ್ಟು. ಈಗಾದರೆ ಪೂರ್ತಿ ಕೇಳುತ್ತೇನೆ. ಹೇಳುವವರು ಮನೆಯಲ್ಲಿಲ್ಲ.