ಗಾಳಿಗೂ ಬಾಡಿಗೆ

ನಮ್ಮ ಚಿತ್ರದುರ್ಗಕ್ಕೆ ವಿಮಾನ ಬರುವುದಿಲ್ಲ. ಆದರೆ ವಿಮಾನದಲ್ಲಿ ಸಾಮಾನು ಕಳಿಸಬೇಕು ಎನ್ನುವವರು ನನ್ನ ಅಂಗಡಿಗೆ ಬರುವುದು ತಪ್ಪುವುದಿಲ್ಲ. ಅವರು ಬಂದ ದಿನ ನನಗೆ ನಗು ಬರುವುದೂ ತಪ್ಪುವುದಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಪಾರ್ಸೆಲ್ ಬುಕಿಂಗ್ ಅಂಗಡಿ ನನ್ನದು. ಸಾಮಾನು ಏನು, ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಂಡು, ಬೆಂಗಳೂರಿನ ಎರಡು ಮೂರು ಸಾಗಣೆ ಕಂಪನಿಗಳಿಂದ ಕೊಟೇಶನ್ ತರಿಸಿ, ಬಂದವರ ಮುಂದಿಟ್ಟು ಅರ್ಥ ಮಾಡಿಸುವುದು ನನ್ನ ಕೆಲಸ. ತರಿಸುವುದು ಸುಲಭ. ಅರ್ಥ ಮಾಡಿಸುವುದರಲ್ಲಿ ಒಂದೊಂದು ಸಲ ಮಧ್ಯಾಹ್ನದ ಊಟ ತಪ್ಪಿಹೋಗುತ್ತದೆ.

ಹೊಸಬರು ಬಂದ ಕೂಡಲೇ ಕೇಳುವುದು ಒಂದೇ ಮಾತು. "ವಿಮಾನ ಎಲ್ಲಿ ನಿಲ್ಲುತ್ತೆ ಮೇಡಮ್ಮೋರೆ, ಕೋಟೆ ಹಿಂದ್ಗಡೆನಾ?"

"ಬೆಂಗಳೂರಲ್ಲಿ" ಅಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ನಾನೇ ಅದನ್ನು ಅಲ್ಲಿ ಕಟ್ಟಿಹಾಕಿ ಬಂದಿದ್ದೇನೆ ಅನ್ನುವ ಹಾಗೆ.

ಮಂಡಕ್ಕಿ ಮತ್ತು ಬೀಗರು

ಹೊಸದುರ್ಗದ ಒಬ್ಬ ಹೆಂಗಸು ಆಳೆತ್ತರದ ರಟ್ಟಿನ ಡಬ್ಬ ಆಟೋದಲ್ಲಿ ಹೇರಿಕೊಂಡು ಬಂದರು. ಮಗಳು ಮಸ್ಕತ್‌ನಲ್ಲಿ ನರ್ಸು, ಬಸುರಿ. ಅವಳಿಗೆ ಬಯಕೆ ಬಂದಿದ್ದು ನಮ್ಮ ಕಡೆಯ ಮಂಡಕ್ಕಿ ಮೇಲೆ. ಅಲ್ಲಿಯ ಅಂಗಡಿಯಲ್ಲಿ ಸಿಗುವುದು ಬಾಯಿಗಿಟ್ಟರೆ ಕಾಗದ ಅಗಿದಂಗೆ ಇದೆಯಂತೆ. "ಬಸುರಿ ಹೆಂಗ್ಸು ಕೇಳ್ಯಾಳೆ, ಇಲ್ಲ ಅನ್ನಬಾರ್ದು" ಅಂತ ತಾಯಿ ಡಬ್ಬದ ತುಂಬ ಮಂಡಕ್ಕಿ ತುಂಬಿ ತಂದಿದ್ದರು.

ನಾನು ದರ ತರಿಸಿ ಹೇಳಿದೆ. ಅವರು ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು.

"ತೂಕವೇ ಇಲ್ಲವಲ್ಲ ತಾಯಿ. ಇದಕ್ಯಾಕೆ ಅಷ್ಟು?"

"ವಿಮಾನದಲ್ಲಿ ಜಾಗ ಕಡಿಮೆ ಅಮ್ಮ. ಡಬ್ಬದ ಉದ್ದ, ಅಗಲ, ಎತ್ತರ ಅಳೆದು ಅದಕ್ಕೊಂದು ತೂಕ ಕಟ್ಟುತ್ತಾರೆ. ತಕ್ಕಡಿ ತೂಕ ಒಂದು, ಅಳತೆ ತೂಕ ಒಂದು. ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ."

"ಅಂದ್ರೆ ಮಂಡಕ್ಕಿ ಒಳಗಿನ ಗಾಳಿಗೂ ಬಾಡಿಗೆ ಅನ್ರಿ."

"ಹಾಗೇ ಅಂದುಕೊಳ್ಳಿ."

"ಮಸ್ಕತ್ತಲ್ಲಿ ಗಾಳಿ ಐತೆ. ಅದನ್ನ ನಾ ಯಾಕೆ ಕಳಿಸ್ಲಿ" ಅಂತ ಡಬ್ಬ ಎತ್ತಿಕೊಂಡು ಹೊರಟೇ ಹೋದರು.

ಮೂರನೇ ದಿನ ಮತ್ತೆ ಬಂದರು. ಈ ಸಲ ಕೈಯಲ್ಲಿ ಸಣ್ಣ ಪೆಟ್ಟಿಗೆ. ಮಂಡಕ್ಕಿಗೆಲ್ಲ ಬೆಲ್ಲದ ಪಾಕ ಹಾಕಿ, ಬಿಗಿಯಾಗಿ ಉಂಡೆ ಕಟ್ಟಿ, ಗಾಳಿ ಆಡದಂತೆ ಜೋಡಿಸಿದ್ದರು. ಅಳತೆ ನಿಜಕ್ಕೂ ಇಳಿದಿತ್ತು. ಆದರೆ ತಕ್ಕಡಿಯ ಮೇಲಿಟ್ಟರೆ ಬೆಲ್ಲದ ಭಾರಕ್ಕೆ ಮುಳ್ಳು ಸರ್ರನೆ ಆಚೆ ಹೋಯಿತು. ಬೇರೆ ಕಂಪನಿಗಳನ್ನೂ ಕೇಳಿದೆ. ಲೆಕ್ಕ ಎಲ್ಲರದೂ ಒಂದೇ: ಈಗ ತಕ್ಕಡಿ ತೂಕಕ್ಕೆ ಬಾಡಿಗೆ. ಆದರೂ ಮೊದಲಿನ ಡಬ್ಬಕ್ಕಿಂತ ಎಷ್ಟೋ ಅಗ್ಗವಾಯಿತು, ಬುಕ್ ಮಾಡಿದರು. ಸೆರಗು ಸರಿಮಾಡಿಕೊಂಡು ಎದ್ದು ಹೊರಡುವಾಗ ಅಂದರು:

"ಹಗುರಾದ್ರೆ ಅಳೀತಾರೆ, ಭಾರ ಆದ್ರೆ ತೂಗ್ತಾರೆ. ನಮ್ಮ ಬೀಗರೂ ಹಿಂಗೇ ಬಿಡ್ರಿ. ಮಾತಾಡಿದ್ರೆ ಬಾಯಿ ಜಾಸ್ತಿ, ಸುಮ್ಕಿದ್ರೆ ಬಿಗುಮಾನ ಜಾಸ್ತಿ. ನಮ್ದು ಕಮ್ಮಿ ಇರೋದು ಯಾವ್ದೂ ಅವ್ರ ಕಣ್ಣಿಗೆ ಬೀಳಲ್ಲ."

ಒಗ್ಗರಣೆಯ ಕಂಪನಿ

ಹೊಳಲ್ಕೆರೆಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಗಂಡ ಹೆಂಡತಿ ಇದ್ದಾರೆ. ಮಷಿನ್ ಹೆಂಡತಿಯದು, ಮಾತು ಗಂಡನದು. ದುಬೈನ ಒಂದು ಹೋಟೆಲಿನವರು ಅವರ ತಟ್ಟೆಯ ಫೋಟೋ ನೋಡಿ, ಮೊದಲು ಒಂದಷ್ಟು ಕಳಿಸಿ, ಹಿಡಿಸಿದರೆ ವರ್ಷವಿಡೀ ತರಿಸುತ್ತೇವೆ ಅಂದಿದ್ದರು. ಹಾಗಾಗಿ ಅವರಿಗೆ ಈ ಒಂದು ಪೆಟ್ಟಿಗೆ ಸರಿಯಾಗಿ ಹೋಗಿ ಮುಟ್ಟುವುದು ಬಹಳ ಮುಖ್ಯವಾಗಿತ್ತು.

ಮೂರು ಕಂಪನಿಗಳ ಕೊಟೇಶನ್ ಬಂತು. ಎರಡು ಕಂಪನಿಯವರು ಮನೆಯಿಂದ ಸಾಮಾನು ಒಯ್ಯುವುದು, ಕಸ್ಟಮ್ಸ್, ಅಲ್ಲಿ ಇಳಿಸುವುದು, ಹೋಟೆಲಿಗೆ ಮುಟ್ಟಿಸುವುದು ಅಂತ ಸಾಲು ಸಾಲಾಗಿ ಬರೆದಿದ್ದರು. ಮೂರನೆಯವರು ಬರೆದಿದ್ದು ಒಂದೇ ಸಾಲು, ದರ ಅರ್ಧಕ್ಕರ್ಧ.

ಗಂಡ ಅದನ್ನು ಕಣ್ಣಿಗೊತ್ತಿಕೊಂಡ. "ನೋಡ್ರಿ, ಇವ್ರು ಪ್ರಾಮಾಣಿಕರು. ಆ ಇಬ್ರು ನೋಡಿ, ಉಸಿರಾಡಿದ್ದಕ್ಕೂ ಚಾರ್ಜು ಹಾಕ್ಯಾರೆ."

"ಒಂದು ಫೋನ್ ಮಾಡಿ ಕೇಳೋಣ ಅಣ್ಣಾ" ಅಂದೆ.

ಫೋನಿನಲ್ಲಿ ಗಂಡನೇ ಮಾತಾಡಿದ. "ಹೊಳಲ್ಕೆರೆಗೆ ಗಾಡಿ ಯಾವಾಗ ಕಳಿಸ್ತೀರಿ?"

"ಕಳಿಸಲ್ಲ ಸಾರ್. ನೀವೇ ಬೆಂಗಳೂರು ಏರ್‌ಪೋರ್ಟಿಗೆ ತಂದು ಕೊಡಬೇಕು."

"ಆಯ್ತು ತರ್ತೀನಿ. ಅಲ್ಲಿ ಹೋಟೆಲಿಗೆ ಎಷ್ಟೊತ್ತಿಗೆ ಕೊಡ್ತೀರಿ?"

"ನಾವು ದುಬೈ ಏರ್‌ಪೋರ್ಟ್‌ವರೆಗೆ ಮಾತ್ರ ಸಾರ್. ಅಲ್ಲಿಂದ ಅವರೇ ಬಿಡಿಸಿಕೊಂಡು ಹೋಗಬೇಕು."

"ಮತ್ತೆ ಕಸ್ಟಮ್ಸು?"

"ಅದು ಎರಡು ಕಡೆಯೂ ನಿಮ್ಮದೇ ಸಾರ್."

ಗಂಡ ಫೋನ್ ಇಟ್ಟ. ಕಂಪನಿಯವರು ಲೆಕ್ಕಕ್ಕೆ ಸೇರಿಸದೆ ಬಿಟ್ಟ ಖರ್ಚನ್ನೆಲ್ಲ ಕೂಡಿಸಿ ನೋಡಿದರೆ, ಆ ಪ್ರಾಮಾಣಿಕ ಕಂಪನಿಯೇ ಮೂರರಲ್ಲಿ ದುಬಾರಿಯಾಗಿತ್ತು. "ಅಂದ್ರೆ ಹಿಂದಿಂದೂ ನಮ್ದು, ಮುಂದಿಂದೂ ನಮ್ದು. ಇಂಥ ಕಂಪನಿ ಎಲ್ಲಾದ್ರೂ ಇರುತ್ತಾ?" ಅಂದ.

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಅಂದಳು: "ಯಾಕಿಲ್ಲ, ನಮ್ಮನೇಲೇ ಐತಲ್ಲ. ನೀವು ಅಡಿಗೆ ಮಾಡ್ತೀನಿ ಅಂತ ಒಳಗೆ ಬಂದ್ರೆ ತರಕಾರಿ ಹೆಚ್ಚೋಳು ನಾನು, ಪಾತ್ರೆ ತೊಳೆಯೋಳು ನಾನು. ಒಗ್ಗರಣೆ ಮಾತ್ರ ನಿಮ್ದು."

ಸಾಮಾನು ಎರಡನೇ ಕಂಪನಿಯಲ್ಲಿ ಹೋಯಿತು. ಹೋಟೆಲಿನವರಿಗೆ ತಟ್ಟೆ ಹಿಡಿಸಿತು. ಈಗ ಕೊಟೇಶನ್ ಬಂದರೆ ಗಂಡನೇ ಮೊದಲು ಕೇಳುತ್ತಾನೆ, "ಇದು ಪೂರ್ತಿ ಅಡಿಗೆನೋ, ಬರೀ ಒಗ್ಗರಣೆನೋ?"

ವಾಪಸ್ ಬರುವಾಗ

ಹಿರಿಯೂರು ಕಡೆಯ ಒಬ್ಬರು ದಾಳಿಂಬೆ ಬೆಳೆಗಾರರು. ಅದಕ್ಕೆ ಮುಂಚೆ ಬಹಳ ವರ್ಷ ಲಾರಿ ಇಟ್ಟಿದ್ದವರು. ದೋಹಾದ ವ್ಯಾಪಾರಿಯೊಬ್ಬರಿಗೆ ರುಚಿ ನೋಡಲು ಹಣ್ಣು ಕಳಿಸಬೇಕಿತ್ತು. ಕೊಟೇಶನ್ನಿನಲ್ಲಿ ಬಾಡಿಗೆಯ ಕೆಳಗೆ ಇಂಧನದ ಹೆಚ್ಚುವರಿ ಚಾರ್ಜು ಅಂತ ಇನ್ನೊಂದು ಸಾಲು ಇತ್ತು. ಅದನ್ನು ಕಂಡದ್ದೇ ಅವರೊಳಗಿನ ಲಾರಿ ಮಾಲೀಕ ಎದ್ದು ಕುಳಿತ.

"ಫೋನ್ ಹಚ್ರಿ ಮೇಡಮ್ಮೋರೆ" ಅಂದರು. ಹಚ್ಚಿ ಸ್ಪೀಕರಿಗೆ ಹಾಕಿದೆ.

"ಏನಮ್ಮ, ಬಾಡಿಗೆ ಬೇರೆ ಡೀಸೆಲ್ ಬೇರೆನಾ ನಿಮ್ದು?"

"ಸಾರ್, ಅದು ವಿಮಾನದ ಇಂಧನ. ಬೆಲೆ ಏರಿಳಿತ ಇರುತ್ತೆ, ಅದಕ್ಕೆ ಬೇರೆ ತೋರಿಸ್ತೀವಿ."

"ಆಗ್ಲಿ. ಡೀಸೆಲ್ ನಂದು, ಡ್ರೈವರ್ ಊಟದ ಬತ್ತೆ ನಂದು ಅಂದ್ಮೇಲೆ ಬಾಡಿಗೆ ಇಳಿಸ್ಕಬೇಕು. ಲೋಕದ ರೂಢಿ."

ಆಚೆ ಕಡೆಯ ಹುಡುಗಿ ತಡವರಿಸಿದಳು. "ಸಾರ್, ಡ್ರೈವರ್ ಅಲ್ಲ, ಪೈಲಟ್."

"ಯಾರಾದ್ರೇನು, ಊಟ ಮಾಡ್ತಾರಲ್ಲಮ್ಮ. ಅದಿರ್ಲಿ, ಒಂದ್ಮಾತು ಹೇಳು. ಗಾಡಿ ವಾಪಸ್ ಬರುವಾಗ ಖಾಲಿ ಬರುತ್ತಾ, ಲೋಡ್ ಸಿಗುತ್ತಾ?"

"ಲೋಡ್ ಇರುತ್ತೆ ಸಾರ್, ಅಲ್ಲಿಂದಾನೂ ಸರಕು ಬರುತ್ತೆ."

"ಅಲ್ಲಿಗೆ ಮುಗೀತು. ಒಂದು ಕಡೆ ಬಾಡಿಗೆ ಮಾತ್ರ ಹಾಕು."

"ಮ್ಯಾನೇಜರ್‌ನ ಕೇಳಿ ಹೇಳ್ತೀನಿ ಸಾರ್" ಅಂದಳು. ನಾನು ನಗು ತಡೆಯಲು ಕಿಟಕಿ ಕಡೆ ತಿರುಗಿದ್ದೆ. ಆಮೇಲೆ ಬಂದ ಹೊಸ ಕೊಟೇಶನ್ ನೋಡಿ ನಗು ನಿಂತಿತು. ದರ ನಿಜವಾಗಲೂ ಇಳಿದಿತ್ತು.

ಅಂದಿನಿಂದ ನಾನೂ ಯಾವ ಕಂಪನಿಗೆ ಫೋನ್ ಮಾಡಿದರೂ ಕೊನೆಗೊಂದು ಮಾತು ಕೇಳುತ್ತೇನೆ: "ವಾಪಸ್ ಖಾಲಿ ಬರುತ್ತಾ?"

ಟಗರಿನ ಕೊಟೇಶನ್

ಟಗರು ಸುಖವಾಗಿ ಹೋಗಿ ಮುಟ್ಟಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನಗುವುದಕ್ಕೆ ಹಿಂದೆಮುಂದೆ ನೋಡುತ್ತೀರಿ.

ಯಲ್ಲದಕೆರೆಯ ಕುರಿ ಸಾಕುವ ಅಜ್ಜ ಒಬ್ಬರು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದರು. ಅವರ ಟಗರನ್ನು ಅಸ್ಸಾಮಿನ ಒಂದು ಕುರಿ ಫಾರಮ್ಮಿನವರು ತಳಿಗೆಂದು ಕೊಂಡಿದ್ದರು. ವಿಮಾನದ ಖರ್ಚು ಅವರದೇ. ಆದರೆ ಯಾವ ಕಂಪನಿ ಅನ್ನುವುದನ್ನು ಅಜ್ಜ ತಾನೇ ನೋಡಿ ಆರಿಸಬೇಕು ಅಂತ ಹಟ ಹಿಡಿದಿದ್ದರು. ಹುಟ್ಟಿದಾಗಲೇ ತಾಯಿ ಸತ್ತ ಮರಿ ಅದು. ಅಜ್ಜಿ ಬಾಟಲಿ ಹಾಲು ಕುಡಿಸಿ, ಮಗ್ಗುಲಲ್ಲೇ ಮಲಗಿಸಿಕೊಂಡು ಸಾಕಿದ್ದು.

ಜೀವಂತ ಪ್ರಾಣಿ ಒಯ್ಯಲು ಎಲ್ಲರೂ ಒಪ್ಪುವುದಿಲ್ಲ. ಇಬ್ಬರು ಒಪ್ಪಿದರು. ಒಬ್ಬರದು ಅಗ್ಗ, ಆದರೆ ದೆಹಲಿಯಲ್ಲಿ ಇಳಿಸಿ ಬೇರೆ ವಿಮಾನಕ್ಕೆ ಹಾಕಬೇಕು. ಇನ್ನೊಬ್ಬರದು ದುಬಾರಿ, ನೇರ ಗುವಾಹಟಿಗೆ. ಅಜ್ಜ ದರ ಕೇಳಲೇ ಇಲ್ಲ.

"ದಿಲ್ಲೀಲಿ ಎಷ್ಟೊತ್ತು ನಿಲ್ಲಿಸ್ತಾರೆ?"

"ಮಧ್ಯಾಹ್ನ ಪೂರ್ತಿ."

"ನೀರು?"

ಫೋನ್ ಮಾಡಿ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ.

"ನೇರ ಹೋಗೋದ್ಕೇ ಹಾಕ್ರಿ" ಅಂದರು ಅಜ್ಜ. ಫಾರಮ್ಮಿನವರು ಗೊಣಗಿದಾಗ, "ಟಗರಿನ ಬೆಲೇಲೇ ಒಂಚೂರು ಮುರ್ಕಳ್ಳಿ ಬಿಡ್ರಿ" ಅಂತ ಅಷ್ಟಕ್ಕೇ ಮಾತು ಮುಗಿಸಿದರು. ಹೇಳುವಾಗ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ನೋಡದವಳಂತೆ ಕಂಪನಿಗೆ ಫೋನ್ ಹಚ್ಚಿದೆ.

ಬುಕಿಂಗ್‌ಗೆ ಸಿಕ್ಕಿದ್ದು ಹೊಸ ಹುಡುಗ. ಯಾವ ಸಾಮಾನು ಎಂದು ನೋಡದೆ, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಗಡಗಡ ಓದತೊಡಗಿದ. ಅಜ್ಜ ಫೋನಿಗೆ ಬಾಯಿ ಹತ್ತಿರ ತಂದು, ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು.

"ಐಟಮ್ ಹೆಸರು ಸಾರ್?"

"ಕರಿಯ."

"ಹೊರಗಿನ ಪ್ಯಾಕಿಂಗ್ ಏನಿದೆ?"

"ಉಣ್ಣೆ."

"ಇದರ ಮೇಲೆ ಬೇರೆ ಬಾಕ್ಸ್ ಇಡಬಹುದಾ?"

ಅಜ್ಜ ಯೋಚಿಸಿದರು. "ಇಡಬೌದು. ಅದು ಅಲ್ಲೇ ಇರುತ್ತೆ ಅಂತ ನಾ ಮಾತು ಕೊಡಲ್ಲ."

"ಒಡೆಯೋ ಐಟಮ್ಮಾ ಸಾರ್?"

"ಹೂಂ ಕಣಪ್ಪ, ಒಡೀತೈತೆ. ಮೊನ್ನೆ ನಮ್ಮ ನಡುಮನೆ ಬಾಗ್ಲು ಒಡೀತು. ಹೋದ ಹಬ್ಬಕ್ಕೆ ಪಂಚಾಯ್ತಿ ಮೆಂಬರ್ ಬೈಕಿನ ಲೈಟು."

ಹುಡುಗ ಕೇಳಿಸಿಕೊಂಡದ್ದು ಮೊದಲ ಎರಡು ಮಾತು ಮಾತ್ರ ಇರಬೇಕು. "ಸರಿ ಸಾರ್, ಒಡೆಯೋ ಐಟಮ್ ಅಂತ ಹಾಕ್ಕೊಂಡಿದ್ದೀನಿ. ಹಾಗಿದ್ರೆ ಪೆಟ್ಟಿಗೆ ಮೇಲೆ 'ಎಚ್ಚರಿಕೆ' ಅಂತ ಕೆಂಪು ಸ್ಟಿಕ್ಕರ್ ಅಂಟಿಸ್ತೀವಿ."

"ಇವನ ಪೆಟ್ಟಿಗೆಗೆ ಬ್ಯಾಡಪ್ಪ" ಅಂದರು ಅಜ್ಜ. "ಪಕ್ಕದಾಗೆ ಕುಂತಿರ್ತಾವಲ್ಲ, ಆ ಪೆಟ್ಟಿಗೆಗಳಿಗೆ ಅಂಟಿಸು."