ಎಲ್ಲರಿಗೂ ಏಳನೆಯ ಗೇರು

ಬೆಳಿಗ್ಗೆ ಏಳೂಕಾಲಿಗೆ ಮಹಾರಾಜರು ಸೈಕಲ್ಲಿನಿಂದ ಬಿದ್ದರು. ಬಹಳ ಹಿಂದೆ ದಿಣ್ಣೆನಾಡು ಎಂಬ ಗುಡ್ಡಗಾಡಿನ ರಾಜ್ಯವೊಂದಿತ್ತು. ಬಿದ್ದದ್ದು ಅಲ್ಲಿ, ಅರಮನೆಯ ಆನೆಬಾಗಿಲ ಮುಂದಿನ ಏರಿನಲ್ಲಿ. ಅಷ್ಟು ಹಿಂದೆ ಗೇರಿನ ಸೈಕಲ್ ಇತ್ತೇ ಎಂದು ಓದುಗರು ಕೇಳಬಹುದು. ಆ ರಾಜ್ಯದಲ್ಲಿ ತಜ್ಞರ ಸಮಿತಿಗಳೇ ಇದ್ದವು, ಸೈಕಲ್ ಇರಲಾರದೆ?

ಬಿದ್ದದ್ದನ್ನು ಕಣ್ಣಾರೆ ಕಂಡವಳು ಸೂಲಗಿತ್ತಿ ಹೊಂಬಾಳಮ್ಮ. ಮೇಲಿನಕೇರಿಯಲ್ಲಿ ಹೆರಿಗೆಯೊಂದನ್ನು ಮುಗಿಸಿ ಸೈಕಲ್ಲಿನಲ್ಲಿ ಇಳಿದು ಬರುತ್ತಿದ್ದಳು. ಮೇಲಿನಕೇರಿ ಗುಡ್ಡದ ನೆತ್ತಿಯ ಊರು. ನಾಲ್ಕು ಮೈಲಿ, ಹನ್ನೊಂದು ತಿರುವು. ಯಾರಿಗಾದರೂ ನೋವು ಶುರುವಾಯಿತೆಂದು ಮೇಲಿನವರು ತಮಟೆ ಬಾರಿಸಿದರೆ ಅವಳು ಸೀರೆ ಎತ್ತಿಕಟ್ಟಿ, ಒಂದನೆಯ ಗೇರಿಗೆ ಹಾಕಿ, ಮುಕ್ಕಾಲು ಗಂಟೆಯಲ್ಲಿ ಹತ್ತುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಮಗುವೂ ಅವಳಿಗಿಂತ ಮುಂಚೆ ಬಂದಿರಲಿಲ್ಲ.

"ಏಳನೇ ಗೇರಲ್ಲಿ ಏರಿಗೆ ಬಂದ್ರಿ ಬುದ್ಧಿ. ಒಂದಕ್ಕೆ ಇಳಿಸಬೇಕಿತ್ತು," ಎಂದಳು, ಮಹಾರಾಜ ಅಚಲಾದಿತ್ಯರ ಮೊಣಕೈಗೆ ಅಂಟಿದ ಮಣ್ಣು ಒರೆಸುತ್ತ.

"ಅದು ಏಳನೆಯದೆಂದು ನಮಗೆ ತಿಳಿಯುವುದಾದರೂ ಹೇಗೆ?" ಎಂದು ಮಹಾರಾಜರು ಅಪ್ಪಣೆ ಕೊಡಿಸಿದರು.

ಅಷ್ಟರಲ್ಲಿ ಪ್ರಧಾನ ಅಮಾತ್ಯ ವಿನಯಭೂಷಣರು ಓಡಿ ಬಂದರು. "ಪ್ರಭುಗಳು ಬಿದ್ದಿಲ್ಲ. ಸೈಕಲ್ಲು ಪ್ರಭುಗಳಿಗೆ ಸಕಾಲದಲ್ಲಿ ವರದಿ ಸಲ್ಲಿಸಿಲ್ಲ. ಇದು ಪಾರದರ್ಶಕತೆಯ ಕೊರತೆ."

ಮರುದಿನವೇ ಸಮಿತಿ ರಚನೆಯಾಯಿತು. ಸೈಕಲ್ಲಿನ ಹ್ಯಾಂಡಲ್ ಮೇಲೆ ಗೇರು ತೋರಿಸುವ ಸಾಧನ ಬೇಕೇ ಬೇಡವೇ ಎಂಬುದು ಅದರ ಮುಂದಿನ ಪ್ರಶ್ನೆ. ಸೈಕಲ್ ತುಳಿಯಬಲ್ಲವರು ಸಮಿತಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಹೊಂಬಾಳಮ್ಮನನ್ನು ಸಾಕ್ಷಿಯಾಗಿ ಕರೆಸಿದರು.

"ಏನಮ್ಮ, ನಿನ್ನ ಸೈಕಲ್ಲಿನಲ್ಲಿ ಆ ಸಾಧನವಿಲ್ಲ. ಯಾವ ಗೇರಿನಲ್ಲಿದ್ದೀಯೆಂದು ನಿನಗೆ ಹೇಗೆ ಗೊತ್ತಾಗುತ್ತದೆ?" ಎಂದರು ಅಮಾತ್ಯರು.

"ಕಾಲಿಗೆ ಗೊತ್ತಾಗ್ತದೆ ಸ್ವಾಮಿ."

"ಕಾಲಿಗೆ ಗೊತ್ತಾದದ್ದು ಕಡತಕ್ಕೆ ಗೊತ್ತಾಗುವುದು ಹೇಗೆ?"

ಹೊಂಬಾಳಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು: "ಹೊಸದಾಗಿ ಕಲಿಯೋರಿಗೆ ಗೇರು ತೋರ್ಸೋ ಒಂದು ಸಣ್ಣ ಮುಳ್ಳಿದ್ರೆ ಒಳ್ಳೇದೇ. ಆದ್ರೆ ಅದನ್ನೇ ನೋಡ್ಕಂಡು ಹೋದ್ರೆ ಮುಂದಿನ ಹಳ್ಳ ಕಾಣಲ್ಲ." ನಡಾವಳಿಯಲ್ಲಿ ಮೊದಲನೆಯ ವಾಕ್ಯ ಮಾತ್ರ ದಾಖಲಾಯಿತು.

ಹೀಗೆ ಸಾರ್ವಜನಿಕರ ಬೇಡಿಕೆಯ ಮೇರೆಗೆ ಪ್ರತಿ ಸೈಕಲ್ಲಿಗೂ ಊಟದ ತಟ್ಟೆಯಷ್ಟು ಅಗಲದ ಹಿತ್ತಾಳೆಯ ಗೇರುಫಲಕ ಬಂತು. ರಸ್ತೆ ಬದಿಯ ತಪಾಸಣೆಯವರು ದೂರದಿಂದಲೇ ಓದಲು ಅನುಕೂಲವಾಗಲೆಂದು ಅದರ ಮುಖವನ್ನು ಮುಂದಕ್ಕೆ ತಿರುಗಿಸಿದ್ದರು. ತುಳಿಯುವವನಿಗೆ ಫಲಕದ ಬೆನ್ನು ಕಾಣುತ್ತಿತ್ತು.

ತಪಾಸಣೆಯವರು ಬರೆದುಕೊಂಡ ಅಂಕಿಗಳನ್ನು ಕೂಡಿಸಿ ಭಾಗಿಸಿದಾಗ ರಾಜ್ಯದ ಸರಾಸರಿ ಗೇರು ಎರಡು ಎಂದಾಯಿತು. ನೆರೆಯ ಬಯಲುನಾಡಿನದು ಐದು. ಆಸ್ಥಾನ ತಲೆ ತಗ್ಗಿಸಿತು. ದಿಣ್ಣೆನಾಡಿನ ಆಸ್ಥಾನದಲ್ಲಿ ಏಳು ಪದವಿಗಳಿದ್ದವು. ಕಸ ಗುಡಿಸುವವನದು ಒಂದನೆಯದು, ಅಮಾತ್ಯರದು ಏಳನೆಯದು. ಒಂದಕ್ಕಿಂತ ಏಳು ಮೇಲು ಎಂಬುದನ್ನು ಅಲ್ಲಿ ಹಸುಗೂಸಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಪ್ರಜೆಗಳು ಒಂದನೆಯ ಗೇರಿನಲ್ಲಿ ಕೊಳೆಯುತ್ತಿದ್ದಾರೆ ಪ್ರಭೂ!" ಎಂದು ಅಮಾತ್ಯರು ಕಣ್ಣೊರೆಸಿಕೊಂಡರು.

"ಎಲ್ಲರನ್ನೂ ಏಳಕ್ಕೆ ಏರಿಸಿ," ಎಂದರು ಕರುಣಾಳುಗಳಾದ ಮಹಾರಾಜರು.

ವಾರದೊಳಗೆ ಎಲ್ಲ ಸೈಕಲ್ಲುಗಳ ಗೇರನ್ನು ಏಳಕ್ಕೆ ನಿಲ್ಲಿಸಿ ಸೀಸದ ಮೊಹರು ಹಾಕಲಾಯಿತು. ಹೊಂಬಾಳಮ್ಮ ಅರಮನೆಗೆ ಓಡಿದಳು.

"ಏಳರಲ್ಲಿ ಗುಡ್ಡ ಹತ್ತಕ್ಕಾಗಲ್ಲ ಬುದ್ಧಿ. ಮೇಲಿನಕೇರೀಲಿ ಈ ತಿಂಗಳೇ ಹೆರೋರು ನಾಲ್ಕು ಜನ ಅವ್ರೆ."

"ಒಂದೇ ವಾರದಲ್ಲಿ ನಿನ್ನನ್ನು ಆರು ಮೆಟ್ಟಿಲು ಮೇಲೆ ತಂದಿದ್ದೇವೆ. ಕೃತಜ್ಞತೆ ಬೇಡವೇ?" ಎಂದರು ಅಮಾತ್ಯರು.

ಮಹಾರಾಜರು ಮೃದುವಾಗಿ ನಕ್ಕರು. "ಗುಡ್ಡವನ್ನು ಅಡ್ಡಿ ಎಂದು ನೋಡಬೇಡಮ್ಮ. ಅವಕಾಶ ಎಂದು ನೋಡು."

ಎಂಟು ದಿನ ಕಳೆದವು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ತಮಟೆ ಕೇಳಿಸಿತು. ಹೊಂಬಾಳಮ್ಮ ಮೊದಲ ತಿರುವಿನವರೆಗೆ ಪೆಡಲಿನ ಮೇಲೆ ನಿಂತು ತುಳಿದಳು. ಎರಡನೆಯ ತಿರುವಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳತೊಡಗಿದಳು. ಮೂರನೆಯ ತಿರುವಿನಲ್ಲಿ ತಪಾಸಣೆಯ ಗುರುಸಿದ್ದ ಕೈ ಅಡ್ಡ ಹಿಡಿದ.

"ನಿಲ್ಲವ್ವಾ. ಹಾಂ, ಏಳು. ಬರ್ಕಂಡೆ."

"ನಡ್ಕಂಡು ಹೋಗ್ತಾ ಇದೀನಿ ಕಣೋ! ಕಣ್ಣು ಕಾಣಲ್ವಾ?"

"ಕಾಣ್ತದೆ. ಆದ್ರೆ ನಡಿಯೋದಕ್ಕೆ ನನ್ನ ಪುಸ್ತಕದಾಗೆ ಕಾಲಂ ಇಲ್ಲ."

"ತಮಟೆ ಕೇಳ್ತಾ ಇಲ್ವೇನೋ? ಚೊಚ್ಚಲ ಹೆರಿಗೆ. ಆ ಮೊಹರು ಕಿತ್ತು ಬಿಡಪ್ಪ, ನಿನ್ನ ದಮ್ಮಯ್ಯ."

ಗುರುಸಿದ್ದ ಅತ್ತಿತ್ತ ನೋಡಿದ. "ಕಿತ್ರೆ ನಾಳೆ ನನ್ನ ಕೈಗೆ ಪೊರಕೆ ಬರ್ತದೆ ಅವ್ವಾ. ಬೇಕಾದ್ರೆ ಹಿಂದಿಂದ ತಳ್ತೀನಿ." ಹಾಗೆಯೇ, ತನ್ನ ಸರಹದ್ದು ಮುಗಿಯುವ ನಾಲ್ಕನೆಯ ತಿರುವಿನವರೆಗೆ ಪ್ರಾಮಾಣಿಕವಾಗಿ ತಳ್ಳಿದ. ಉಳಿದ ಏಳು ತಿರುವುಗಳನ್ನು ಅವಳೊಬ್ಬಳೇ ತಳ್ಳಿದಳು. ದಾರಿಯಲ್ಲಿ ಉಪ್ಪಿನ ಮೂಟೆಯವರು, ಮಡಕೆಯವರು, ಟಪ್ಪಾಲಿನವರು ಎಲ್ಲರೂ ಸೈಕಲ್ ತಳ್ಳುತ್ತಲೇ ಸಿಕ್ಕರು. ಎಲ್ಲರ ಫಲಕದಲ್ಲೂ ಏಳು.

ಅದೇ ಹೊತ್ತಿಗೆ ಕೆಳಗೆ ಆಸ್ಥಾನದಲ್ಲಿ ಸರಾಸರಿ ಗೇರು ಏಳು ಎಂದು ಘೋಷಣೆಯಾಯಿತು. ಮಹಾರಾಜರು ವಿನಯಭೂಷಣರ ತಲೆಗೆ ಹಿತ್ತಾಳೆಯ ಕಿರೀಟವಿಟ್ಟು 'ಗೇರುಚೂಡಾಮಣಿ' ಎಂಬ ಬಿರುದು ಕೊಟ್ಟರು. ನೋಡಿ ಕಲಿಯಲು ಬಂದಿದ್ದ ಬಯಲುನಾಡಿನ ಅಧ್ಯಯನ ತಂಡ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಹೊಂಬಾಳಮ್ಮ ಮೇಲಿನಕೇರಿ ತಲುಪಿದಾಗ ಐದು ಗಂಟೆ. ಹೆಣ್ಣು ಮಗು ಹುಟ್ಟಿ ನಲವತ್ತು ನಿಮಿಷವಾಗಿತ್ತು. ಹೊಕ್ಕುಳಬಳ್ಳಿಯನ್ನು ಅಜ್ಜಿಯೇ ಕತ್ತರಿಸಿದ್ದಳು. ತಾಯಿ, ಮಗು ಇಬ್ಬರೂ ಉಳಿದರು.

"ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ತಾಯಿ?" ಎಂದು ಅಜ್ಜಿ ಕೇಳಿದಳು. ಹೊಂಬಾಳಮ್ಮ ಬಿಸಿನೀರಿಗೆ ಕೈಯದ್ದಿದಳು.

ಮುಂದಿನ ವಾರದಿಂದ ಮೇಲಿನಕೇರಿಯವರು ಬಸುರಿಯರನ್ನು ದಿನ ತುಂಬುವ ಹದಿನೈದು ದಿನ ಮೊದಲೇ ಮಂಚದ ಮೇಲೆ ಹೊತ್ತು ಕೆಳಗಿಳಿಸತೊಡಗಿದರು. ಒಂದು ಮಂಚಕ್ಕೆ ನಾಲ್ಕು ಜನ ಬೇಕಾಗುತ್ತಿತ್ತು.